ಮಕ್ಕಳ ನ್ಯಾಯಾಲಯಕ್ಕೆ ಹಾಜರಾದ ಶಿಕ್ಷಕ: ಯಾನುಷ್ ಕೋರ್ಚಾಕ್

ರೂಸೋ, ಪೆಸ್ಟಾಲಜಿ, ಫ್ರೋಬೆಲ್, ಮಾಂಟೆಸ್ಸರಿ, ಡ್ಯೂಯಿ, ಗಾಂಧೀಜಿ, ಟ್ಯಾಗೋರ್. ಶಿಕ್ಷಣ ಚಿಂತಕರ ಅಧ್ಯಾಯ ಬಂದಾಗ ನಾವೆಲ್ಲ ಈ ಹೆಸರುಗಳಿಗೆ ಟಿಪ್ಪಣಿ ಬರೆದುಕೊಳ್ಳುತ್ತೇವೆ. ಈ ಸಾಲಿನಲ್ಲಿ ಯಾನುಷ್ ಕೋರ್ಚಾಕ್ ಅವರ ಹೆಸರು ಇರುವುದಿಲ್ಲ. ಅವರ ಹೆಸರು ನನಗೆ ಸಿಕ್ಕಿದ್ದು ಟ್ಯಾಗೋರರ ‘ಡಾಕ್ ಘರ್’ ನಾಟಕದ ಬಗ್ಗೆ ಓದುವಾಗ. ಆ ನಾಟಕವನ್ನು 1942ರಲ್ಲಿ, ವಾರ್ಸಾ ನಗರದಲ್ಲಿ ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದೊಳಗೆ, ಅನಾಥಾಲಯದ ಮಕ್ಕಳು ಆಡಿದ್ದರು. ಅವರಿಂದ ಆಡಿಸಿದವರು ಕೋರ್ಚಾಕ್. ಅವರು ವೈದ್ಯರು, ಮಕ್ಕಳ ಸಾಹಿತಿ, ಶಿಕ್ಷಕರು. ಅಭ್ಯಾಸ ಬೋಧನೆಯ ಈ ವರ್ಷದಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದ ಜೀವನ ಚರಿತ್ರೆ ಅವರದು. ಅದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಹುಟ್ಟಿದ್ದು ವಾರ್ಸಾದಲ್ಲಿ, ಜುಲೈ 22ರಂದು. ತಂದೆ ಜನನ ನೋಂದಣಿಯನ್ನು ತಡಮಾಡಿದ್ದರಿಂದ ವರ್ಷವನ್ನು 1878 ಎಂದೂ 1879 ಎಂದೂ ಬರೆಯುತ್ತಾರೆ. ಆಗ ಪೋಲೆಂಡ್ ಎಂಬ ಸ್ವತಂತ್ರ ದೇಶ ಇರಲಿಲ್ಲ. ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅಜ್ಜ ವೈದ್ಯರು, ತಂದೆ ವಕೀಲರು. ಯಹೂದಿ ಮನೆತನವಾದರೂ ಮನೆಯ ಭಾಷೆ ಪೋಲಿಷ್, ಆಚಾರ ಅಷ್ಟಕ್ಕಷ್ಟೆ. ಐದು ವರ್ಷದ ಬಾಲಕನಿಗೆ ತಾನು ಯಹೂದಿ ಎಂದು ತಿಳಿದದ್ದು ಸಾಕಿದ್ದ ಕ್ಯಾನರಿ ಹಕ್ಕಿ ಸತ್ತ ದಿನ. ಹಕ್ಕಿಯನ್ನು ಹೂತು ಮೇಲೊಂದು ಶಿಲುಬೆ ನೆಡಲು ಹೊರಟಾಗ ಮನೆ ಕಾಯುವವನ ಮಗ ತಡೆದನಂತೆ. ಹಕ್ಕಿಯೂ ಯಹೂದಿ, ನೀನೂ ಯಹೂದಿ, ಅದಕ್ಕೆ ಶಿಲುಬೆ ಸಲ್ಲದು ಎಂದನಂತೆ. ಈ ಪ್ರಸಂಗವನ್ನು ಕೋರ್ಚಾಕ್ ಸಾಯುವ ಕೆಲವು ತಿಂಗಳ ಮೊದಲು ತಮ್ಮ ದಿನಚರಿಯಲ್ಲಿ ನೆನೆದಿದ್ದಾರೆ. ಎಳೆ ಮನಸ್ಸಿಗೆ ತಾಗಿದ ಒಂದು ಮಾತು ಅರವತ್ತು ವರ್ಷವಾದರೂ ಆರಿರಲಿಲ್ಲ.

ತಂದೆಗೆ ಮನೋರೋಗ ಬಂತು. ಚಿಕಿತ್ಸೆಗೆ ಹಣವೆಲ್ಲ ಕರಗಿತು. 1896ರಲ್ಲಿ ಅವರು ತೀರಿಕೊಂಡಾಗ ಹೆನ್ರಿಕ್ ಇನ್ನೂ ಶಾಲಾ ವಿದ್ಯಾರ್ಥಿ. ಮನೆಪಾಠ ಹೇಳಿ ಸಂಸಾರಕ್ಕೆ ನೆರವಾಗಬೇಕಾಯಿತು. ಶಿಕ್ಷಕರಾಗುವ ಆಸೆಯಿಂದಲ್ಲ, ಮನೆ ನಡೆಯಬೇಕೆಂದು ಕಲಿಸಲು ಆರಂಭಿಸಿದವರು ಅವರು. ನಮ್ಮಲ್ಲೂ ಡಿಗ್ರಿ ಓದುವಾಗ ಟ್ಯೂಷನ್ ಹೇಳಿ ಶುಲ್ಕ ಕಟ್ಟಿದವರು ಹಲವರಿದ್ದೇವೆ. 1898ರಲ್ಲಿ ಒಂದು ನಾಟಕ ಸ್ಪರ್ಧೆಗೆ ಬರೆಯುವಾಗ, ಒಂದು ಪೋಲಿಷ್ ಕಾದಂಬರಿಯ ನಾಯಕನ ಹೆಸರನ್ನು ಕಾವ್ಯನಾಮವಾಗಿ ಎತ್ತಿಕೊಂಡರು. ಯಾನಾಷ್ ಎಂದಿದ್ದುದು ಅಚ್ಚಿನಲ್ಲಿ ಯಾನುಷ್ ಆಯಿತೆನ್ನುತ್ತಾರೆ. ಅದೇ ಉಳಿಯಿತು.

ವೈದ್ಯಕೀಯ ಓದಿದರು. ರಷ್ಯಾ–ಜಪಾನ್ ಯುದ್ಧಕ್ಕೆ ಸೇನಾ ವೈದ್ಯರಾಗಿ ಹೋಗಿಬಂದರು. ವಾರ್ಸಾದ ಯಹೂದಿ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಬೇಸಿಗೆ ರಜೆಯಲ್ಲಿ ಬಡ ಮಕ್ಕಳನ್ನು ಹಳ್ಳಿಗೆ ಕರೆದೊಯ್ಯುವ ಶಿಬಿರಗಳಿಗೆ ಮೇಲ್ವಿಚಾರಕರಾಗಿಯೂ ಹೋದರು. ಒಂದು ವರ್ಷ ಯಹೂದಿ ಹುಡುಗರ ಶಿಬಿರ, ಮರುವರ್ಷ ಕ್ರೈಸ್ತ ಹುಡುಗರ ಶಿಬಿರ. ಎರಡರಿಂದಲೂ ಒಂದೊಂದು ಪುಸ್ತಕ ಹುಟ್ಟಿತು, 1910ರಲ್ಲಿ ಒಂದು, 1911ರಲ್ಲಿ ಇನ್ನೊಂದು. ಎರಡಕ್ಕೂ ಆಯಾ ಹುಡುಗರ ಸಾಮಾನ್ಯ ಹೆಸರುಗಳೇ ಶೀರ್ಷಿಕೆ. ಮೊದಲ ಬಾರಿ ಹೊಲ, ನದಿ, ಆಕಾಶ ಕಂಡ ಮಕ್ಕಳು ಎರಡೂ ಕಡೆ ಒಂದೇ ತರಹ ಬೆರಗಾಗುತ್ತಾರೆ, ಜಗಳವಾಡುತ್ತಾರೆ, ಮನೆ ನೆನೆದು ಅಳುತ್ತಾರೆ. ಜಾತಿ ಬೇರೆ, ಬಾಲ್ಯ ಒಂದೇ ಎಂದು ಉಪದೇಶ ಮಾಡದೆ, ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದುಗರಿಗೇ ಬಿಟ್ಟರು.

1912ರಲ್ಲಿ ಆಸ್ಪತ್ರೆಯ ಕೆಲಸ ಬಿಟ್ಟು ಕ್ರೋಖ್ಮಾಲ್ನಾ ಬೀದಿಯ 92ನೇ ಸಂಖ್ಯೆಯ ಕಟ್ಟಡದಲ್ಲಿ ಯಹೂದಿ ಅನಾಥ ಮಕ್ಕಳ ಮನೆಯ ಹೊಣೆ ಹೊತ್ತರು. ಸುಮಾರು ನೂರು ಮಕ್ಕಳು, ಏಳರಿಂದ ಹದಿನಾಲ್ಕು ವರ್ಷದವರು. ಹೆಸರು ಕೋರ್ಚಾಕರದ್ದಾದರೂ ಮನೆಯನ್ನು ದಿನದಿನವೂ ನಡೆಸಿದವರು ಸ್ಟೆಫಾನಿಯಾ ವಿಲ್ಚಿನ್‌ಸ್ಕಾ. ನೈಸರ್ಗಿಕ ವಿಜ್ಞಾನ ಓದಿದ್ದ ಈ ಮಹಿಳೆ ಮೂವತ್ತು ವರ್ಷ ಆ ಮನೆಯ ಬೆನ್ನೆಲುಬಾಗಿದ್ದರು. ಊಟದ ಲೆಕ್ಕ, ಬಟ್ಟೆ, ಕಾಯಿಲೆ, ಪಾಳಿ ಎಲ್ಲವೂ ಅವರ ಕೈಯಲ್ಲಿ. ಶಿಕ್ಷಣದ ಇತಿಹಾಸ ಬರೆಯುವಾಗ ಇಂಥವರ ಹೆಸರು ಅಡಿಟಿಪ್ಪಣಿಗೆ ಜಾರುತ್ತದೆ. ಇಲ್ಲಿ ಹಾಗಾಗಬಾರದು.

ಆ ಮನೆಯಲ್ಲಿ ಒಂದು ಸೂಚನಾ ಫಲಕ, ಒಂದು ಪತ್ರದ ಪೆಟ್ಟಿಗೆ, ಕೆಲಸದ ಪಾಳಿ ಪಟ್ಟಿ ಇದ್ದವು. ಪ್ರತಿ ಮಗುವಿಗೂ ತನ್ನದೇ ಒಂದು ಖಾನೆ ಇತ್ತು. ಕಲ್ಲು, ದಾರ, ಮುರಿದ ಗುಂಡಿ ಏನನ್ನಾದರೂ ಅದರಲ್ಲಿ ಇಟ್ಟುಕೊಳ್ಳಬಹುದು. ಅದು ಕಸ ಎಂದು ಎಸೆಯುವ ಅಧಿಕಾರ ದೊಡ್ಡವರಿಗಿರಲಿಲ್ಲ. ಕೋರ್ಚಾಕ್ ವಾರವಾರವೂ ಮಕ್ಕಳ ತೂಕ ನೋಡಿ ಬರೆದಿಡುತ್ತಿದ್ದರು. ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಇದು ವಿಶೇಷವಾಗಿ ಹಿಡಿಸಿತು. ಮಗುವನ್ನು ಪ್ರೀತಿಸುವುದಕ್ಕೂ ಅಳೆದು ಬರೆಯುವುದಕ್ಕೂ ಅವರಲ್ಲಿ ವಿರೋಧವಿರಲಿಲ್ಲ. ಮಗುವಿನ ಬಗ್ಗೆ ತನಗೆ ಎಲ್ಲವೂ ಗೊತ್ತು ಎಂಬ ಶಿಕ್ಷಕರ ನಂಬಿಕೆಯ ಮೇಲೆ ಅವರಿಗೆ ಅನುಮಾನ, ನೋಡಿ ಬರೆದುಕೊಂಡದ್ದರ ಮೇಲೆ ವಿಶ್ವಾಸ.

ಆ ಮನೆಯ ಅತ್ಯಂತ ದಿಟ್ಟ ವ್ಯವಸ್ಥೆ ಮಕ್ಕಳ ನ್ಯಾಯಾಲಯ. ಯಾರ ಮೇಲಾದರೂ ಯಾರಾದರೂ ದೂರು ಕೊಡಬಹುದು. ಆ ವಾರ ತನ್ನ ಮೇಲೆ ಯಾವ ದೂರೂ ಇಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಮಾಡುತ್ತಿದ್ದರು. ದೊಡ್ಡವರು ಕಾರ್ಯದರ್ಶಿಯಾಗಿ ಬರೆದುಕೊಳ್ಳಬಹುದು, ಮತ ಹಾಕುವಂತಿಲ್ಲ. ಕೋರ್ಚಾಕ್ ಬರೆದ ಸಂಹಿತೆಯಲ್ಲಿ ಕಲಮುಗಳ ಸಂಖ್ಯೆ ಸಾವಿರದವರೆಗೆ ಹೋಗುತ್ತದೆ. ಮೊದಲ 99 ಕಲಮುಗಳೆಲ್ಲ ಕ್ಷಮೆಯವು. ತಿಳಿಯದೆ ಮಾಡಿದ, ಮತ್ತೆ ಮಾಡನು, ಪಶ್ಚಾತ್ತಾಪ ಪಟ್ಟಿದ್ದಾನೆ, ಹೀಗೆ. ನೂರನೆಯದರಿಂದ ತಪ್ಪು ಎಂದು ಹೇಳುವುದು ಆರಂಭ. ಸಾವಿರನೆಯದು ಮನೆಯಿಂದ ಹೊರಹಾಕುವುದು. ಹೊಡೆತ ಯಾವ ಕಲಮಿನಲ್ಲೂ ಇಲ್ಲ.

ಈ ವ್ಯವಸ್ಥೆ ಮೊದಲ ದಿನದಿಂದಲೇ ಹೂವಿನಂತೆ ಅರಳಲಿಲ್ಲ. ಕೆಲವು ಮಕ್ಕಳು ನ್ಯಾಯಾಲಯವನ್ನು ಗೇಲಿ ಮಾಡಿದರು, ಕೆಲವರು ಸಣ್ಣಪುಟ್ಟದ್ದಕ್ಕೆಲ್ಲ ದೂರು ಬರೆದರು. ಒಂದು ಹಂತದಲ್ಲಿ ಅದನ್ನು ಕೆಲವು ವಾರ ನಿಲ್ಲಿಸಿ, ನಿಯಮ ತಿದ್ದಿ, ಮತ್ತೆ ತೆರೆಯಬೇಕಾಯಿತು. ಇದನ್ನು ಕೋರ್ಚಾಕ್ ಮುಚ್ಚಿಡದೆ ಬರೆದಿದ್ದಾರೆ. ಅರ್ಧ ವರ್ಷದಲ್ಲಿ ತಾವೇ ಐದು ಬಾರಿ ಆ ನ್ಯಾಯಾಲಯದ ಮುಂದೆ ನಿಂತದ್ದನ್ನೂ ಬರೆದಿದ್ದಾರೆ. ಒಬ್ಬ ಹುಡುಗನ ಕಿವಿಗೆ ಹೊಡೆದದ್ದು, ಒಬ್ಬನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿದ್ದು, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ನ್ಯಾಯಾಧೀಶನನ್ನು ಅವಮಾನಿಸಿದ್ದು, ಒಬ್ಬ ಹುಡುಗಿ ಕದ್ದಳೆಂದು ಅನುಮಾನಿಸಿದ್ದು. ಈ ಕೆಲವು ಪ್ರಕರಣಗಳೇ ತಮ್ಮನ್ನು ಹೊಸ ಬಗೆಯ ಶಿಕ್ಷಕನನ್ನಾಗಿ ಮಾಡಿದವು ಎಂಬುದು ಅವರ ಅಭಿಪ್ರಾಯ. ನಿಯಮಕ್ಕೆ ತಾನೂ ಒಳಪಟ್ಟಾಗಲೇ ಶಿಕ್ಷಕ ಮಕ್ಕಳಿಗೆ ಅನ್ಯಾಯ ಮಾಡದೆ ಉಳಿಯಬಲ್ಲ ಎಂದು ಅವರು ನಂಬಿದ್ದರು.

ಮೊದಲ ಮಹಾಯುದ್ಧದಲ್ಲಿ ಮತ್ತೆ ಸೇನಾ ವೈದ್ಯರಾಗಿ ಹೋದಾಗ, ಬಿಡುವು ಸಿಕ್ಕಾಗಲೆಲ್ಲ ಮಗುವನ್ನು ಪ್ರೀತಿಸುವ ಬಗೆಯ ಕುರಿತು ತಮ್ಮ ಮುಖ್ಯ ಗ್ರಂಥವನ್ನು ಬರೆದರು. ಯುದ್ಧ ಮುಗಿದು 1918ರಲ್ಲಿ ಪೋಲೆಂಡ್ ಸ್ವತಂತ್ರವಾಯಿತು. 1919ರಲ್ಲಿ ಮಾರಿಯಾ ಫಾಲ್ಸ್ಕಾ ಅವರೊಂದಿಗೆ ಪೋಲಿಷ್ ಅನಾಥ ಮಕ್ಕಳಿಗಾಗಿ ‘ನಮ್ಮ ಮನೆ’ ಎಂಬ ಎರಡನೇ ಸಂಸ್ಥೆಗೂ ಕೈಜೋಡಿಸಿದರು. ಮರುವರ್ಷ ಅವರಿಗೆ ಟೈಫಸ್ ಜ್ವರ ಬಂತು. ಆರೈಕೆ ಮಾಡಿದ ತಾಯಿಗೂ ಅದು ತಗುಲಿತು. ಮಗ ಉಳಿದರು, ತಾಯಿ ಹೋದರು. ಅವರು ಮದುವೆಯಾಗಲಿಲ್ಲ.

ಇನ್ನು ಅವರ ಮಕ್ಕಳ ಸಾಹಿತ್ಯ ಮತ್ತು ಅದರ ವಿಮರ್ಶಕರ ವಿಷಯ. 1922–23ರಲ್ಲಿ ‘ಒಂದನೆಯ ಮಾಚುಷ್ ರಾಜ’ ಕಾದಂಬರಿ ಬಂತು. ತಂದೆ ಸತ್ತು ಪುಟ್ಟ ಹುಡುಗನೊಬ್ಬ ರಾಜನಾಗುತ್ತಾನೆ. ಮಂತ್ರಿಗಳು ಅವನನ್ನು ಗೊಂಬೆಯಾಗಿ ಇಟ್ಟುಕೊಳ್ಳಲು ನೋಡುತ್ತಾರೆ. ಅವನು ರಾಜ್ಯದ ಮಕ್ಕಳಿಗೆಲ್ಲ ಚಾಕೊಲೇಟ್ ಹಂಚಿಸುತ್ತಾನೆ, ಮಕ್ಕಳ ಸಂಸತ್ತು ತೆರೆಯುತ್ತಾನೆ. ಕೊನೆಗೆ ದೊಡ್ಡವರು ಶಾಲೆಗೆ ಹೋಗಬೇಕು, ಮಕ್ಕಳು ಅವರ ಕೆಲಸ ಮಾಡಬೇಕು ಎಂಬ ತೀರ್ಮಾನವಾಗುತ್ತದೆ. ರೈಲುಗಳು ಡಿಕ್ಕಿ ಹೊಡೆಯುತ್ತವೆ, ಆಡಳಿತ ಕುಸಿಯುತ್ತದೆ, ಶತ್ರುಗಳು ನುಗ್ಗುತ್ತಾರೆ. ಮಾಚುಷ್‌ನನ್ನು ಮರಣದಂಡನೆಗೆಂದು ಬೀದಿಯಲ್ಲಿ ನಡೆಸಿ, ಕಡೆಯ ಗಳಿಗೆಯಲ್ಲಿ ನಿರ್ಜನ ದ್ವೀಪಕ್ಕೆ ಗಡೀಪಾರು ಮಾಡುತ್ತಾರೆ.

ಮಕ್ಕಳ ಪುಸ್ತಕ ಹೀಗೆ ಸೋಲಿನಲ್ಲಿ ಮುಗಿಯಬಹುದೇ? ಮಕ್ಕಳ ಹಕ್ಕಿಗಾಗಿ ದುಡಿದವರೇ ಮಕ್ಕಳ ಸಂಸತ್ತನ್ನು ಕೆಡಹಿ ತೋರಿಸಬಹುದೇ? ಓದುವಾಗ ಈ ಪ್ರಶ್ನೆ ನನಗೂ ಬಂತು. ಅದಕ್ಕೆ ಉತ್ತರ ಅನಾಥಾಲಯದ ನ್ಯಾಯಾಲಯದಲ್ಲಿದೆ ಎಂದು ನನಗನ್ನಿಸುತ್ತದೆ. ಮಾಚುಷ್ ತನ್ನ ಸಂಸತ್ತನ್ನು ಒಂದೇ ಸಲಕ್ಕೆ, ಇಡೀ ರಾಜ್ಯಕ್ಕೆ, ಅಭ್ಯಾಸವಿಲ್ಲದ ಕೈಗಳಿಗೆ ಒಪ್ಪಿಸಿದ. ಕ್ರೋಖ್ಮಾಲ್ನಾ ಬೀದಿಯ ಮನೆಯಲ್ಲಿ ನೂರು ಮಕ್ಕಳಿಗೆ ಸಾಕಾಗುವಷ್ಟು ಚಿಕ್ಕ ಅಧಿಕಾರ ಸಿಕ್ಕಿತು. ಅದು ಕೆಟ್ಟಾಗ ನಿಲ್ಲಿಸಿ, ದುರಸ್ತಿ ಮಾಡಿ, ಮತ್ತೆ ಕೊಡಲಾಯಿತು. ಕಾದಂಬರಿಯನ್ನೂ ನ್ಯಾಯಾಲಯವನ್ನೂ ಜೊತೆಗಿಟ್ಟು ಓದಿದರೆ ಮಕ್ಕಳಿಗೆ ಅಧಿಕಾರ ಕೊಡಬೇಡಿ ಎಂಬ ಅರ್ಥ ಬರುವುದಿಲ್ಲ. ಅದನ್ನೂ ಗುಣಾಕಾರದಂತೆ ದಿನವೂ ಅಭ್ಯಾಸ ಮಾಡಿಸಬೇಕು ಎಂಬ ಅರ್ಥ ಬರುತ್ತದೆ. ಇಂದಿನ ವಿಮರ್ಶಕರು ಎತ್ತುವ ಇನ್ನೊಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾಗದು. ಆ ಕಾದಂಬರಿಯಲ್ಲಿ ಆಫ್ರಿಕಾದ ರಾಜರು ನರಭಕ್ಷಕರಾಗಿ ಬರುತ್ತಾರೆ. ಅದು ಆ ಕಾಲದ ಯುರೋಪಿನ ಪೂರ್ವಗ್ರಹ. ಕ್ಲು-ಕ್ಲು ಎಂಬ ಆಫ್ರಿಕನ್ ರಾಜಕುಮಾರಿ ಎಲ್ಲರಿಗಿಂತ ಧೈರ್ಯವಂತೆ, ಬುದ್ಧಿವಂತೆ ಎಂಬುದು ನಿಜ. ಆದರೂ ಇಂದು ತರಗತಿಯಲ್ಲಿ ಓದಿಸುವ ಶಿಕ್ಷಕರು ಆ ಭಾಗವನ್ನು ಮಕ್ಕಳೊಂದಿಗೆ ಚರ್ಚಿಸಲೇಬೇಕು.

ಎರಡನೆಯ ಆಕ್ಷೇಪ ಭಾಷೆಯದು. ಆಗಿನ ಪೋಲೆಂಡಿನಲ್ಲಿ ಯಹೂದಿಗಳ ಮನೆಮಾತು ಬಹುಪಾಲು ಯಿಡ್ಡಿಷ್. ವಿಲ್ನಾ ನಗರದಿಂದ ‘ಗ್ರಿನಿಂಕೆ ಬೇಮೆಲೆಖ್’, ಅಂದರೆ ಎಳೆಯ ಹಸಿರು ಮರಗಳು, ಎಂಬ ಯಿಡ್ಡಿಷ್ ಮಕ್ಕಳ ಪತ್ರಿಕೆ ಬರುತ್ತಿತ್ತು. ಹೀಬ್ರೂ ಭಾಷೆಯನ್ನು ಮತ್ತೆ ಆಡುನುಡಿಯಾಗಿಸಲು ಹೊರಟವರ ಶಾಲೆಗಳೂ ಇದ್ದವು. ಕೋರ್ಚಾಕ್ ಬರೆದದ್ದು ಪೋಲಿಷ್‌ನಲ್ಲಿ. ಆದ್ದರಿಂದ ಯಿಡ್ಡಿಷ್ ಅಭಿಮಾನಿಗಳಿಗೆ ಅವರು ತನ್ನತನ ಬಿಟ್ಟವರಂತೆ ಕಂಡರು. ಮಡಿವಂತರಿಗೆ ಧರ್ಮ ಸಾಲದವರಂತೆ, ಪೋಲಿಷ್ ರಾಷ್ಟ್ರವಾದಿಗಳಿಗೆ ನಮ್ಮ ಮಕ್ಕಳ ಸಹವಾಸಕ್ಕೆ ಬರಬಾರದ ಯಹೂದಿಯಂತೆ ಕಂಡರು. ಮನೆಮಾತು ಒಂದು, ಕಲಿಕೆಯ ಮಾತು ಇನ್ನೊಂದು ಎಂಬ ಚರ್ಚೆಯ ಕಾವು ನಮಗೂ ಗೊತ್ತು. ಕೋರ್ಚಾಕ್ ಯಾರಿಗೂ ದೊಡ್ಡ ಉತ್ತರ ಬರೆಯಲಿಲ್ಲ, ಒಂದು ಪತ್ರಿಕೆ ತೆರೆದರು.

ಅದರ ಹೆಸರು ‘ಮಾವಿ ಪ್ಶೆಗ್ಲೋಂದ್’, ಅಂದರೆ ಪುಟ್ಟ ಸಮೀಕ್ಷೆ. ಪೋಲಿಷ್ ಭಾಷೆಯ ಯಹೂದಿ ದಿನಪತ್ರಿಕೆಯೊಂದರ ಶುಕ್ರವಾರದ ಪುರವಣಿಯಾಗಿ 1926ರ ಅಕ್ಟೋಬರ್ 9ರಂದು ಆರಂಭವಾಯಿತು. ಬರೆಯುವವರು ಮಕ್ಕಳೇ, ದೇಶದ ಮೂಲೆಮೂಲೆಯಿಂದ ಪತ್ರ ಬರೆಯುವ ಯಹೂದಿ ಮಕ್ಕಳು. ಅಕ್ಷರ ಚೆನ್ನಾಗಿಲ್ಲದಿದ್ದರೂ ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ. ಬರೆದವರಿಗೆ ಸಂಭಾವನೆಯೂ ಇತ್ತು. ಮನೆ, ಶಾಲೆ, ಬೀದಿಯಲ್ಲಿ ಕೇಳುವ ಬೈಗುಳ, ಸಾಕಿದ ನಾಯಿ, ಮೇಷ್ಟರ ಅನ್ಯಾಯ ಎಲ್ಲವೂ ಅಚ್ಚಾಗುತ್ತಿತ್ತು. 1930ರಲ್ಲಿ ಸಂಪಾದಕತ್ವವನ್ನು ಇಗೋರ್ ನೆವೆರ್ಲಿ ಎಂಬ ಯುವಕನಿಗೆ ಒಪ್ಪಿಸಿದರು. ಕೊನೆಯ ಸಂಚಿಕೆ ಬಂದದ್ದು 1939ರ ಸೆಪ್ಟೆಂಬರ್ 1ರಂದು, ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದ ದಿನವೇ. ಮಕ್ಕಳಿಗಾಗಿ ದೊಡ್ಡವರು ಬರೆಯುವ ಸಾಹಿತ್ಯ ಹೇಗಿರಬೇಕು ಎಂದು ದೊಡ್ಡವರೇ ವಾದಿಸುತ್ತಿದ್ದಾಗ, ಹದಿಮೂರು ವರ್ಷ ಮಕ್ಕಳೇ ಬರೆದರು.

ಮೂರನೆಯ ಟೀಕೆ ಒಳಗಿನಿಂದ ಬಂತು. ಅನಾಥಾಲಯದಲ್ಲಿ ವಾಸಕ್ಕೆ ಜಾಗ ಪಡೆದು, ಪ್ರತಿಯಾಗಿ ಕೆಲಸ ಮಾಡುತ್ತಾ ಕಲಿಯುವ ಯುವ ಪ್ರಶಿಕ್ಷಣಾರ್ಥಿಗಳಿದ್ದರು. ಅವರು ಅವಲೋಕನಗಳನ್ನು ಪುಸ್ತಕದಲ್ಲಿ ಬರೆಯಬೇಕಿತ್ತು, ಸ್ಟೆಫಾನಿಯಾ ಓದಿ ಅಂಚಿನಲ್ಲಿ ಟಿಪ್ಪಣಿ ಹಾಕುತ್ತಿದ್ದರು. ನಮ್ಮ ಇಂಟರ್ನ್‌ಶಿಪ್ ದಿನಚರಿಯ ನೆನಪಾಗುತ್ತದೆ. ಅವರಲ್ಲಿ ಎಡಪಂಥೀಯರು ಕೋರ್ಚಾಕರನ್ನು ನೇರವಾಗಿಯೇ ಕೇಳಿದರು: ಹೊರಗೆ ಹಸಿವು, ನಿರುದ್ಯೋಗ, ದ್ವೇಷ ಇರುವಾಗ ನಾಲ್ಕು ಗೋಡೆಯೊಳಗೆ ನ್ಯಾಯ ಕಲಿಸಿ ಏನು ಪ್ರಯೋಜನ? ಹದಿನಾಲ್ಕಕ್ಕೆ ಮನೆ ಬಿಟ್ಟುಹೋದ ಕೆಲವರೂ ಇದನ್ನೇ ಹೇಳಿದರು. ಹೊರಗಿನ ಲೋಕದಲ್ಲಿ ಆ ನ್ಯಾಯಾಲಯ ಇರಲಿಲ್ಲ, ಅದಕ್ಕೆ ನಮ್ಮನ್ನು ಸಿದ್ಧಮಾಡಿರಲಿಲ್ಲ ಎಂದರು. ಈ ಟೀಕೆ ನನ್ನನ್ನು ಬಹಳ ಕಾಡಿತು. ಒಳ್ಳೆಯ ತರಗತಿಯಿಂದ ಮಗು ಒಳ್ಳೆಯದಲ್ಲದ ಬೀದಿಗೇ ಹೋಗಬೇಕು. ಆದರೆ ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಬೇಕಾದರೆ ನ್ಯಾಯವನ್ನು ಒಮ್ಮೆಯಾದರೂ ಕಂಡಿರಬೇಕಲ್ಲವೇ? ಆ ಯುವಕರು ದೂರಿದ್ದೂ ಅದನ್ನು ಕಂಡಿದ್ದರಿಂದಲೇ.

1930ರ ದಶಕದಲ್ಲಿ ಯಹೂದಿ ದ್ವೇಷ ಹೆಚ್ಚಿತು. ಪೋಲಿಷ್ ರೇಡಿಯೋದಲ್ಲಿ ಕೋರ್ಚಾಕರ ಮಾತುಗಳು ಬಹಳ ಜನಪ್ರಿಯವಾಗಿದ್ದವು. ಆದರೆ ಯಹೂದಿ ಹೆಸರು ಕೇಳಿಸಬಾರದೆಂದು ಅವರನ್ನು ‘ಮುದಿ ಡಾಕ್ಟರ್’ ಎಂದಷ್ಟೇ ಪರಿಚಯಿಸುತ್ತಿದ್ದರು. 1936ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು, 1938ರಲ್ಲಿ ಮತ್ತೆ ಕರೆದರು. ‘ನಮ್ಮ ಮನೆ’ಯ ಕೆಲಸವೂ ಕೈತಪ್ಪಿತು. 1934 ಮತ್ತು 1936ರಲ್ಲಿ ಪ್ಯಾಲೆಸ್ಟೈನ್‌ಗೆ ಹೋಗಿ ಅಲ್ಲಿನ ಸಾಮೂಹಿಕ ಹಳ್ಳಿಗಳನ್ನು ನೋಡಿಬಂದರು. 1939ರಲ್ಲಿ ಹೆರ್ಷೆಕ್ ಎಂಬ ಬಡ ಯಹೂದಿ ಹುಡುಗನ ಕನಸಿನ ಪ್ರಯಾಣಗಳ ಕಥೆ ಬರೆದರು.

ಅವರು ಶಿಕ್ಷಕರ ತರಬೇತಿಯಲ್ಲೂ ಪಾಠ ಮಾಡುತ್ತಿದ್ದರು. ಒಮ್ಮೆ ಉಪನ್ಯಾಸವನ್ನು ಎಕ್ಸ್‌ರೇ ಕೋಣೆಯಲ್ಲಿ ಇಟ್ಟುಕೊಂಡರು. ಒಂದು ಮಗುವನ್ನು ಕೈಹಿಡಿದು ಕರೆತಂದು ಯಂತ್ರದ ಹಿಂದೆ ನಿಲ್ಲಿಸಿ ದೀಪ ಆರಿಸಿದರು. ಕತ್ತಲೆ, ಅಪರಿಚಿತರು, ಯಂತ್ರದ ಸದ್ದು. ಪರದೆಯ ಮೇಲೆ ಪುಟ್ಟ ಹೃದಯ ದಡದಡ ಬಡಿಯುವುದು ಎಲ್ಲರಿಗೂ ಕಂಡಿತು. ಮಗುವಿನ ಮೇಲೆ ಕೈ ಎತ್ತುವ ಮುನ್ನ, ಸಿಟ್ಟಿನಿಂದ ಕೂಗುವ ಮುನ್ನ ಈ ದೃಶ್ಯವನ್ನು ನೆನೆಯಿರಿ ಎಂಬರ್ಥದ ಒಂದೆರಡು ಮಾತು ಹೇಳಿದರು, ಅಂದಿನ ಪಾಠ ಮುಗಿಯಿತು. ಹತ್ತನೇ ತರಗತಿಗೆ ಹೃದಯದ ನಾಲ್ಕು ಕೋಣೆಗಳ ಪಾಠ ಯೋಜನೆ ಬರೆಯುವಾಗ ನಾನು ಚಾರ್ಟು, ಮಾದರಿ, ಮೌಲ್ಯಮಾಪನ ಪ್ರಶ್ನೆ ಎಲ್ಲ ಸೇರಿಸಿದ್ದೆ. ಮುಂದೆ ಕೂತವರ ಎದೆಯಲ್ಲೂ ಅದೇ ಹೃದಯ ಬಡಿಯುತ್ತಿದೆ, ನನ್ನ ದನಿ ಏರಿದರೆ ಅದರ ವೇಗವೂ ಏರುತ್ತದೆ ಎಂಬುದನ್ನು ಬರೆಯಲು ಪಾಠ ಯೋಜನೆಯಲ್ಲಿ ಕಾಲಂ ಇಲ್ಲ.

1940ರ ಕೊನೆಯಲ್ಲಿ ಅನಾಥಾಲಯ ಘೆಟ್ಟೋದೊಳಗೆ ಹೋಗಬೇಕಾಯಿತು. ಮಕ್ಕಳಿಗೆಂದು ತರುತ್ತಿದ್ದ ಆಲೂಗಡ್ಡೆ ಗಾಡಿಯನ್ನು ಜರ್ಮನ್ನರು ಕಿತ್ತುಕೊಂಡಾಗ ಕೋರ್ಚಾಕ್ ಅವರ ಕಚೇರಿಗೇ ಹೋಗಿ ಪ್ರಶ್ನಿಸಿದರು. ಯಹೂದಿಗಳು ಕಟ್ಟಲೇಬೇಕಾಗಿದ್ದ ತೋಳುಪಟ್ಟಿಯನ್ನೂ ಅವರು ಕಟ್ಟಿರಲಿಲ್ಲ. ಜೈಲಿಗೆ ಹಾಕಿದರು. ಹೊರಬಂದ ಮೇಲೆ, ಅರವತ್ತು ದಾಟಿದ ಕಾಯಿಲೆಯ ದೇಹದಲ್ಲಿ, ಮಕ್ಕಳ ಊಟಕ್ಕಾಗಿ ದಿನವೂ ಮನೆಮನೆ ತಿರುಗಿದರು. ಆಗಲೂ ಪಾಳಿ, ತೂಕ, ನ್ಯಾಯಾಲಯ ನಡೆಯುತ್ತಲೇ ಇದ್ದವು. ಹೊರಗಿನ ಪೋಲಿಷ್ ಮಿತ್ರರು ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡಲು ಬಂದರೂ ಅವರು ಮಕ್ಕಳನ್ನು ಬಿಟ್ಟು ಹೊರಡಲಿಲ್ಲ.

1942ರ ಜುಲೈ 18ರಂದು ‘ಡಾಕ್ ಘರ್’ ಪ್ರದರ್ಶನ. ವೈದ್ಯರ ಆಜ್ಞೆಯಿಂದ ಕೋಣೆಯೊಳಗೇ ಉಳಿದ ಬಾಲಕ ಅಮಲ್ ಕಿಟಕಿಯಿಂದ ಮೊಸರು ಮಾರುವವನನ್ನು, ಹೂವಿನ ಸುಧಾಳನ್ನು ಮಾತಾಡಿಸುತ್ತಾ ರಾಜನ ಪತ್ರಕ್ಕಾಗಿ ಕಾಯುತ್ತಾನೆ. ಗೋಡೆಯೊಳಗಿನ ಆ ಮಕ್ಕಳಿಗೆ ಅಮಲ್ ಯಾರೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಇದೇ ನಾಟಕ ಏಕೆ ಎಂದು ಕೇಳಿದವರಿಗೆ, ಸಾವನ್ನು ಶಾಂತವಾಗಿ ಎದುರುಗೊಳ್ಳುವುದನ್ನು ಮಕ್ಕಳು ಕಲಿಯಲಿ ಎಂದರೆಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ನಾಲ್ಕು ದಿನಗಳ ನಂತರ, ಕೋರ್ಚಾಕರ ಹುಟ್ಟುಹಬ್ಬದಂದೇ, ಘೆಟ್ಟೋದಿಂದ ಜನರನ್ನು ರೈಲಿನಲ್ಲಿ ತುಂಬಿ ಟ್ರೆಬ್ಲಿಂಕಾಗೆ ಸಾಗಿಸುವುದು ಶುರುವಾಯಿತು. ಆಗಸ್ಟ್ ಮೊದಲ ವಾರ ಅನಾಥಾಲಯದ ಸರದಿ ಬಂತು. ಸುಮಾರು ಇನ್ನೂರು ಮಕ್ಕಳು, ಸ್ಟೆಫಾನಿಯಾ, ಇತರ ಸಿಬ್ಬಂದಿ ಮತ್ತು ಕೋರ್ಚಾಕ್ ರೈಲಿನ ಕಡೆ ನಡೆದುಹೋದರು. ಯಾರೂ ಹಿಂದಿರುಗಲಿಲ್ಲ. ಟ್ರೆಬ್ಲಿಂಕಾದ ಸ್ಮಾರಕದಲ್ಲಿ ಊರುಗಳ ಹೆಸರು ಹೊತ್ತ ಸಾಲುಸಾಲು ಕಲ್ಲುಗಳ ನಡುವೆ ವ್ಯಕ್ತಿಯೊಬ್ಬರ ಹೆಸರಿರುವ ಕಲ್ಲು ಒಂದೇ. ಅದರಲ್ಲಿ ಅವರ ಹೆಸರಿನ ಜೊತೆ ಮಕ್ಕಳೂ ಇದ್ದಾರೆ.

ಈ ಕಡೆಯ ನಡಿಗೆ ಎಷ್ಟು ದೊಡ್ಡದೆಂದರೆ ಹಿಂದಿನ ಮೂವತ್ತು ವರ್ಷಗಳನ್ನು ಅದು ಮರೆಮಾಡುತ್ತದೆ. ಅವರನ್ನು ಬಲಿದಾನಿ ಎಂದು ಪೂಜಿಸಿ ಸುಮ್ಮನಾಗುವುದು ಸುಲಭ. ಪೋಲೆಂಡ್ 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಕರಡನ್ನು ಇಟ್ಟಾಗ ಅದರ ಹಿಂದೆ ಕೋರ್ಚಾಕರ ವಿಚಾರಗಳಿದ್ದವು. ಒಡಂಬಡಿಕೆ 1989ರಲ್ಲಿ ಅಂಗೀಕಾರವಾಯಿತು, ಭಾರತ 1992ರಲ್ಲಿ ಒಪ್ಪಿತು. ನಾವು ಪರೀಕ್ಷೆಗೆ ಓದುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಮಾತನ್ನು ಕೋರ್ಚಾಕ್ ಶತಮಾನದ ಹಿಂದೆ ಕಲಮು ಕಲಮಾಗಿ ಬದುಕಿ ತೋರಿಸಿದ್ದರು.

ನಮ್ಮ ವಿಮರ್ಶಾ ಪಾಠಕ್ಕೆ ಬೋಧನಾ ವಿಧಾನದ ಉಪನ್ಯಾಸಕರು ಬರುತ್ತಾರೆ, ಸಹಪಾಠಿಗಳು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ ಎಲ್ಲಕ್ಕೂ ಅಂಕ ಬೀಳುತ್ತದೆ. ಪಾಠ ಕೇಳಿದ ನಲವತ್ತು ಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೋರ್ಚಾಕರ ಬಳಿ ಮಕ್ಕಳು ಹಗಲೂ ರಾತ್ರಿಯೂ ಇದ್ದರು, ನಮಗಿರುವುದು ನಲವತ್ತು ನಿಮಿಷ ಮತ್ತು ಮುಗಿಸಬೇಕಾದ ಪಠ್ಯ ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ಅವಳ ಮಾತು ಸರಿ. ನ್ಯಾಯಾಲಯ ಸ್ಥಾಪಿಸಲು ನಮಗೆ ಸಮಯವಿಲ್ಲ. ಪತ್ರದ ಪೆಟ್ಟಿಗೆಗೆ ಸಮಯ ಬೇಕಿಲ್ಲ. ಅಭ್ಯಾಸ ಬೋಧನೆಯ ಶಾಲೆಯಲ್ಲಿ ಒಂದು ಖಾಲಿ ರಟ್ಟಿನ ಡಬ್ಬಕ್ಕೆ ಸೀಳು ಕೊರೆದು ಮೇಜಿನ ಮೇಲಿಟ್ಟೆ. ಪಾಠದ ಬಗ್ಗೆ ಏನನ್ನಾದರೂ ಬರೆಯಿರಿ, ಹೆಸರು ಬೇಡ ಎಂದೆ. ಎರಡು ದಿನ ಅದು ಖಾಲಿಯೇ ಇತ್ತು. ಮೂರನೇ ದಿನ ನಾಲ್ಕು ಚೀಟಿ ಇದ್ದವು. ಒಂದರಲ್ಲಿ, ನಿದ್ದೆ ಮಾಡುವಾಗ ಹೃದಯಕ್ಕೆ ಯಾಕೆ ರಜೆ ಇಲ್ಲ ಎಂಬ ಪ್ರಶ್ನೆ. ಇನ್ನೊಂದರಲ್ಲಿ, ಗೊತ್ತಿಲ್ಲ ಎಂದವರನ್ನು ಎಲ್ಲರೂ ನಗುವವರೆಗೆ ನಿಲ್ಲಿಸುವ ಪದ್ಧತಿ ಬೇಡ ಎಂಬ ಕೋರಿಕೆ. ಮರುದಿನ ಎರಡನ್ನೂ ತರಗತಿಯಲ್ಲಿ ಓದಿದೆ. ಮೊದಲನೆಯದಕ್ಕೆ ಉತ್ತರ ಹೇಳಿದೆ. ಎರಡನೆಯದನ್ನು ತರಗತಿಯ ನಿಯಮವಾಗಿ ಗೋಡೆಗೆ ಅಂಟಿಸಿದೆವು. ಮೊದಲ ಸಹಿ ಶಿಕ್ಷಕಿಯದೇ ಇರಬೇಕು ಎಂದು ಮಕ್ಕಳು ಹೇಳಿದರು.

ಮುಂದಿನ ವರ್ಷದ ಪಾಠ ಅವಲೋಕನ ನಮೂನೆಯಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಒಂದು ಕಾಲಂ ಸೇರಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಅದಕ್ಕೆ ಅಂಕ ಬೇಡ. ಪ್ರಶಿಕ್ಷಣಾರ್ಥಿ ಅದನ್ನು ಓದಿ, ಕೆಳಗೆ ಸಹಿ ಹಾಕಿದರೆ ಸಾಕು.